ಬಸುರಿಯ ಮೂಲವ್ಯಾಧಿ: ನಾಚಿಕೆ ಯಾರಿಗೆ?

ಬಸುರಿಗೆ ವಾಂತಿಯಾದರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಕಾಲು ಊದಿಕೊಂಡರೆ ನೆರೆಮನೆಯವರೂ ವಿಚಾರಿಸುತ್ತಾರೆ. ಹುಳಿ ತಿನ್ನುವ ಬಯಕೆಯಾದರೆ ಅದೊಂದು ಸಂಭ್ರಮ. ಆದರೆ ಏಳನೆಯ ತಿಂಗಳಲ್ಲಿ ಹೊರಕಡೆಗೆ ಹೋದಾಗ ರಕ್ತ ಬಿದ್ದರೆ, ಕೂರಲೂ ಆಗದ ಉರಿ ಹತ್ತಿಕೊಂಡರೆ, ಅವಳು ಯಾರಿಗೆ ಹೇಳಬೇಕು? ಗಂಡನಿಗೆ ಹೇಳಲು ನಾಚಿಕೆ, ಅತ್ತೆಗೆ ಹೇಳಲು ಅಂಜಿಕೆ, ಡಾಕ್ಟರಿಗೆ ತೋರಿಸಲು ಇನ್ನಷ್ಟು ಸಂಕೋಚ. ಹೀಗೆ ಹಲ್ಲು ಕಚ್ಚಿ ಸಹಿಸುವುದನ್ನೇ ನಾವು ಹೆಣ್ಣಿನ ದೊಡ್ಡ ಗುಣವೆಂದು ಹೊಗಳುತ್ತ ಬಂದಿದ್ದೇವೆ. ಇದು ಗುಣವಲ್ಲ, ನಾವೇ ಅವಳ ಬಾಯಿಗೆ ಹಾಕಿದ ಬೀಗ ಎಂಬುದು ನನ್ನ ಅಭಿಪ್ರಾಯ.

ಮೂಲವ್ಯಾಧಿ, ಮೊಳೆರೋಗ, ಪೈಲ್ಸ್, ಯಾವ ಹೆಸರಿನಿಂದ ಕರೆದರೂ ಇದು ಪಾಪದ ಫಲವಲ್ಲ, ಕೊಳಕಿನ ರೋಗವೂ ಅಲ್ಲ. ಗುದದ್ವಾರದ ಸುತ್ತ ಇರುವ ರಕ್ತನಾಳಗಳು ಊದಿಕೊಳ್ಳುವುದೇ ಮೂಲವ್ಯಾಧಿ. ಬಸುರಿಯರಲ್ಲಿ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಇದು ತೀರ ಸಾಮಾನ್ಯ. ಬೆಳೆಯುವ ಗರ್ಭಕೋಶ ಕೆಳಗಿನ ರಕ್ತನಾಳಗಳನ್ನು ಒತ್ತುತ್ತದೆ; ರಕ್ತ ಮೇಲಕ್ಕೆ ಹರಿಯುವುದು ನಿಧಾನವಾಗುತ್ತದೆ. ಗರ್ಭವನ್ನು ಕಾಪಾಡುವ ಹಾರ್ಮೋನುಗಳೇ ರಕ್ತನಾಳಗಳ ಗೋಡೆಯನ್ನು ಸಡಿಲಗೊಳಿಸುತ್ತವೆ, ಕರುಳಿನ ಚಲನೆಯನ್ನೂ ನಿಧಾನಗೊಳಿಸುತ್ತವೆ. ಮಲ ಗಟ್ಟಿಯಾಗುತ್ತದೆ, ತಿಣುಕಬೇಕಾಗುತ್ತದೆ, ತಿಣುಕಿದಷ್ಟೂ ಊತ ಹೆಚ್ಚುತ್ತದೆ.

ಇಷ್ಟು ದೇಹದ ಮಾತು. ಉಳಿದದ್ದು ಮನೆಯ ಮಾತು. ಎಲ್ಲರದ್ದೂ ಆದ ಮೇಲೆ ಉಣ್ಣುವವಳ ತಟ್ಟೆಗೆ ಸೊಪ್ಪು, ಕಾಳು ಎಷ್ಟು ಉಳಿದಿರುತ್ತದೆ? ಶೌಚಾಲಯವಿಲ್ಲದ ಮನೆಯ ಹೆಂಗಸು ಕತ್ತಲಾಗಲೆಂದು ಕಾಯುತ್ತಾಳೆ. ಹಗಲು ಹೋಗಬೇಕಾದೀತೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾಳೆ. ಬೀಡಿ ಕಟ್ಟುವವಳು, ಹೊಲಿಗೆ ಮಾಡುವವಳು ದಿನವಿಡೀ ಕೂತೇ ಇರುತ್ತಾಳೆ. ಕತ್ತಲಲ್ಲಿ ಹೋದವಳಿಗೆ ರಕ್ತ ಬಿದ್ದದ್ದೂ ಕಾಣುವುದಿಲ್ಲ. ಇವೆಲ್ಲ ಅವಳ ಹಣೆಬರಹವೇ? ಅಲ್ಲ, ನಾವು ಬದಲಿಸಬಹುದಾದ ಸಂಗತಿಗಳು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯೂ ಹೊಡೆತವನ್ನಷ್ಟೇ ಹಿಂಸೆ ಎನ್ನುವುದಿಲ್ಲ. ಹೆಣ್ಣಿನ ಆರೋಗ್ಯವನ್ನು ಅಪಾಯಕ್ಕೆ ಒಡ್ಡುವ ನಡತೆಯನ್ನೂ ಹಿಂಸೆಯೆಂದೇ ಎಣಿಸುತ್ತದೆ. ನರಳುವ ಬಸುರಿಗೆ "ನಾವೇನು ಹೆತ್ತಿಲ್ಲವೇ?" ಎಂದು ಆಸ್ಪತ್ರೆ ತಪ್ಪಿಸುವ ಮನೆಗಳು ಇದನ್ನು ತಿಳಿದಿರಬೇಕು.

ಇನ್ನು ಕಬ್ಬಿಣದ ಮಾತ್ರೆಯ ವಿಚಾರ. ಈ ಮಾತ್ರೆಯಿಂದ ಕೆಲವರಿಗೆ ಮಲಬದ್ಧತೆಯಾಗುವುದು, ಮಲ ಕಪ್ಪಾಗುವುದು ನಿಜ. ಅದಕ್ಕೇ ಎಷ್ಟೋ ಹೆಣ್ಣುಮಕ್ಕಳು ಯಾರಿಗೂ ಹೇಳದೆ ಮಾತ್ರೆಯನ್ನು ಬಿಸಾಡುತ್ತಾರೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇದೆ. ಮೊದಲೇ ರಕ್ತ ಸಾಲದವಳಿಗೆ ಮೂಲವ್ಯಾಧಿಯಿಂದಲೂ ರಕ್ತ ಹೋಗುತ್ತಿದ್ದು, ಮಾತ್ರೆಯೂ ನಿಂತರೆ, ಹೆರಿಗೆಯ ಹೊತ್ತಿಗೆ ಅವಳ ಗತಿಯೇನು? ಸರ್ಕಾರ ಬಸಿರಿನಲ್ಲಿ 180 ಮಾತ್ರೆ ಕೊಡುವುದು ಸುಮ್ಮನೆ ಅಲ್ಲ. ತೊಂದರೆಯಾದರೆ ನರ್ಸಮ್ಮನಿಗೋ ಡಾಕ್ಟರಿಗೋ ಹೇಳಿ. ಮಾತ್ರೆ ಬದಲಿಸಬಹುದು, ಹೊತ್ತು ಬದಲಿಸಬಹುದು. ನೀವಾಗಿಯೇ ನಿಲ್ಲಿಸಬೇಡಿ. ಕಾಫಿ, ಟೀ ಜೊತೆಗೂ ನುಂಗಬೇಡಿ.

ಮನೆಯಲ್ಲೇ ಮಾಡಬಹುದಾದದ್ದು ಬಹಳಷ್ಟಿದೆ. ದಿನಕ್ಕೆ ಎಂಟು ಹತ್ತು ಲೋಟ ನೀರು. ರಾಗಿ, ಸೊಪ್ಪು, ಹೆಸರುಕಾಳು, ಸೀಬೆಹಣ್ಣು, ಬಾಳೆಹಣ್ಣು. ಹೊರಕಡೆಗೆ ಬಂದಾಗ ತಡೆಯಬಾರದು; ಹೋದಾಗ ಬಹಳ ಹೊತ್ತು ಕೂರಬಾರದು, ತಿಣುಕಬಾರದು. ಅಗಲ ಟಬ್ಬಿನಲ್ಲಿ ಮೈಗೆ ಹಿತವಾಗುವಷ್ಟು ಬೆಚ್ಚಗಿನ ನೀರು ಹಾಕಿ, ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷ ಕೂತರೆ ಉರಿ, ನೋವು ಇಳಿಯುತ್ತದೆ. ತಣ್ಣೀರಿನಲ್ಲಿ ಅದ್ದಿದ ಶುಭ್ರ ಬಟ್ಟೆ ಇಟ್ಟರೆ ಊತಕ್ಕೆ ಒಳ್ಳೆಯದು. ಮಲಗುವಾಗ ಎಡಮಗ್ಗುಲಾದರೆ ಕೆಳಗಿನ ಒತ್ತಡ ಕಡಿಮೆಯಾಗುತ್ತದೆ. ಹೊಟ್ಟೆ ಸಡಿಲವಾಗಲೆಂದು ಹರಳೆಣ್ಣೆ ಕುಡಿಸುವುದು ಮಾತ್ರ ಬೇಡ. ಅದು ಹೆರಿಗೆ ನೋವನ್ನೇ ಎಬ್ಬಿಸಬಹುದು. ಮುಲಾಮಾಗಲಿ ಭೇದಿಯ ಔಷಧವಾಗಲಿ, ಡಾಕ್ಟರನ್ನು ಕೇಳಿಯೇ ಬಳಸಬೇಕು.

ಹೆರಿಗೆಯಾದ ಮೇಲೆ ಕೆಲವು ವಾರಗಳಲ್ಲಿ ಬಹಳ ಮಂದಿಗೆ ಇದು ತಾನಾಗಿ ತಗ್ಗುತ್ತದೆ. ಆದರೆ ನಮ್ಮ ಬಾಣಂತನದ ಪದ್ಧತಿ ಅದನ್ನು ತಗ್ಗಲು ಬಿಡಬೇಕಲ್ಲ! ನೀರು ಕುಡಿದರೆ ಹೊಟ್ಟೆ ಬರುತ್ತದೆ, ಸೊಪ್ಪು ತಿಂದರೆ ಮಗುವಿಗೆ ಭೇದಿ, ಹಣ್ಣು ತಿಂದರೆ ಶೀತ ಎನ್ನುತ್ತ ಬರೀ ಅನ್ನ, ಮೆಣಸಿನ ಸಾರು ಕೊಡುವ ಮನೆಗಳು ಇಂದಿಗೂ ಇವೆ. ಹೆರುವಾಗ ಮುಕ್ಕಿದ್ದರಿಂದ ಊದಿದ ಜಾಗ, ಹಾಕಿದ ಹೊಲಿಗೆ, ಅದರ ಮೇಲೆ ಕಲ್ಲಿನಂಥ ಮಲ. ಬಾಣಂತಿ ಹೊರಕಡೆಗೆ ಹೋಗಲು ಹೆದರಿ ಊಟವನ್ನೇ ಬಿಡುತ್ತಾಳೆ. ಹಾಲೂಡಿಸುವ ತಾಯಿಗೆ ನೀರು ಹೆಚ್ಚೇ ಬೇಕು. ಅಕ್ಕರೆಯಿಂದ ಬಾಣಂತನ ಮಾಡುವ ತಾಯಂದಿರೇ, ನಿಮ್ಮ ಅಕ್ಕರೆಯಲ್ಲಿ ಒಂದು ಚೊಂಬು ನೀರಿಗೂ ಜಾಗವಿರಲಿ.

ಕೆಲವು ಸಂದರ್ಭಗಳಲ್ಲಿ ಮನೆಮದ್ದನ್ನು ನಂಬಿ ಕೂರುವಂತಿಲ್ಲ. ರಕ್ತ ಹಿಂದಿನಿಂದ ಬಂತೋ ಮುಂದಿನಿಂದ ಬಂತೋ ತಿಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬಸಿರಿನಲ್ಲಿ ಮುಂದಿನಿಂದ ರಕ್ತ ಹೋಗುವುದು ಅಪಾಯದ ಸೂಚನೆ. ರಕ್ತ ಹೆಚ್ಚು ಹೋದರೆ, ತಲೆ ಸುತ್ತಿದರೆ, ಜ್ವರ ಬಂದರೆ, ಗಂಟು ಗಟ್ಟಿಯಾಗಿ ತಡೆಯಲಾರದ ನೋವಾದರೂ ಕಾಯಬಾರದು. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ "ಆಪರೇಷನ್ ಇಲ್ಲದೆ ಗ್ಯಾರಂಟಿ ಗುಣ" ಎಂದು ಬರೆಸಿಕೊಂಡವರ ಸುಡುವ ಮದ್ದಿಗೆ, ಇಂಜೆಕ್ಷನ್ನಿಗೆ ಬಲಿಯಾಗಬೇಡಿ. ನಾಚಿಕೆ ನಮ್ಮದು, ಲಾಭ ಅವರದು.

2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರಿಂದ ಉಚಿತ ತಪಾಸಣೆಯ ಏರ್ಪಾಡಿದೆ. ತೂಕ ನೋಡುತ್ತಾರೆ, ಬಿಪಿ ನೋಡುತ್ತಾರೆ, ರಕ್ತ ಪರೀಕ್ಷಿಸುತ್ತಾರೆ. "ಹೊರಕಡೆಗೆ ಸರಿಯಾಗಿ ಹೋಗುತ್ತದೆಯೇನಮ್ಮ? ಉರಿ, ರಕ್ತ ಏನಾದರೂ ಇದೆಯೇ?" ಎಂಬ ಪ್ರಶ್ನೆಯನ್ನೂ ಎಲ್ಲ ಕಡೆ ಕೇಳಬೇಕು. ಅವರು ಕೇಳದಿದ್ದರೆ ನಾವೇ ಹೇಳಬೇಕು.

ಗೆಳತಿಯರೇ, ಸಂಘದ ಸಭೆಯಲ್ಲಿ ಸಾಲದ ಕಂತಿನ ಲೆಕ್ಕ ತಪ್ಪದಂತೆ ನೋಡಿಕೊಳ್ಳುತ್ತೀರಿ. ನಿಮ್ಮಲ್ಲಿ ಬಸುರಿಯರು ಎಷ್ಟು ಮಂದಿ, ಅವರ ಮನೆಯಲ್ಲಿ ಬಳಸಬಹುದಾದ ಶೌಚಾಲಯ ಇದೆಯೇ, ಅವರು ಮಾತ್ರೆ ನುಂಗುತ್ತಿದ್ದಾರೆಯೇ ಎಂಬ ಲೆಕ್ಕವನ್ನೂ ಇಡಿ. ಹಿರಿಯ ಸದಸ್ಯೆಯರು ಮೊದಲು ಬಾಯಿ ಬಿಡಲಿ: "ನನಗೂ ಆಗಿತ್ತು ಕಣೇ, ಹೇಳು." ಅಷ್ಟು ಮಾತು ಕೇಳಿದರೆ, ಮೂಲೆಯಲ್ಲಿ ಒಂದೇ ಮಗ್ಗುಲಿಗೆ ವಾಲಿ ಕೂತ ಹುಡುಗಿಯೂ ತನ್ನ ನೋವನ್ನು ಹೇಳಿಯಾಳು.