ಮನೆಮಂದಿಯೆಲ್ಲ ಕೂತ ಕೋಣೆ

ಕುಟುಂಬ ಚಿಕಿತ್ಸೆಗೆ ಈಗ ಸರಿಸುಮಾರು ಎಪ್ಪತ್ತು ವರ್ಷ. ಅದರ ಹುಟ್ಟೂರು ಅಮೆರಿಕ ಎಂದೇ ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. 1950ರ ದಶಕದಲ್ಲಿ ಅಲ್ಲಿ ಮನೋವೈದ್ಯ ಮರ್ರೆ ಬೋವೆನ್ ಸ್ಕಿಜೋಫ್ರೇನಿಯಾ ರೋಗಿಗಳ ಜತೆ ಅವರ ಮನೆಯವರನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಂಡು ಅಧ್ಯಯನ ನಡೆಸಿದರು. ಅದೇ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದೊಳಗೇ ಡೇರೆ ಹಾಕಿಸಿ, ರೋಗಿಯ ಬಂಧುಗಳನ್ನು ಅಲ್ಲೇ ಉಳಿಸಿಕೊಂಡರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜೂ ಸ್ವಲ್ಪ ಕಾಲದಲ್ಲೇ ಇದೇ ದಾರಿ ಹಿಡಿಯಿತು.

ಎರಡು ಕಡೆಯೂ ಮನೆಯವರು ಆಸ್ಪತ್ರೆಗೆ ಬಂದರು, ನಿಜ. ಆದರೆ ಕರೆದ ಕಾರಣ ಬೇರೆ. ಅಮೆರಿಕದಲ್ಲಿ ಕಾಯಿಲೆಯ ಬೇರನ್ನು ಮನೆಯೊಳಗೆ ಹುಡುಕುತ್ತಿದ್ದರು. ಇಲ್ಲಿ ಸಿಬ್ಬಂದಿ ಸಾಲದೆ, ಆರೈಕೆಗೆ ಕೈಗಳು ಬೇಕಿದ್ದವು. ಅಮೆರಿಕದ ಆ ಹುಡುಕಾಟದ ಬೆಲೆ ತೆತ್ತವರು ತಾಯಂದಿರು. ಮಗನ ಸ್ಕಿಜೋಫ್ರೇನಿಯಾಕ್ಕೆ ತಾಯಿಯ ನಡವಳಿಕೆಯೇ ಕಾರಣ ಎಂಬ ಮಾತು 1940ರ ದಶಕದಲ್ಲೇ ಹುಟ್ಟಿತ್ತು. 1956ರಲ್ಲಿ ಗ್ರೆಗರಿ ಬೇಟ್ಸನ್ ಬಳಗ ಮಂಡಿಸಿದ 'ಡಬಲ್ ಬೈಂಡ್' (ಒಂದಕ್ಕೊಂದು ವಿರುದ್ಧವಾದ ಸಂದೇಶಗಳ ಇಕ್ಕಟ್ಟು) ಸಿದ್ಧಾಂತ ಅದಕ್ಕೆ ಮತ್ತಷ್ಟು ಬಲ ಕೊಟ್ಟಿತು. ಪುರಾವೆ ಸಿಗಲಿಲ್ಲ. ಅಷ್ಟರಲ್ಲಿ ಎಷ್ಟೋ ತಾಯಂದಿರು ಮಕ್ಕಳ ಕಾಯಿಲೆಯ ಜತೆಗೆ ಆ ಅಪವಾದವನ್ನೂ ಹೊತ್ತಿದ್ದರು. ಈ ಕ್ಷೇತ್ರ ಮಾಡಿದ ಅತಿ ದೊಡ್ಡ ಅನ್ಯಾಯ ಇದೇ ಎಂಬುದು ನಮ್ಮ ಅಭಿಪ್ರಾಯ.

ಫಿಲಡೆಲ್ಫಿಯಾದಲ್ಲಿ ಸಾಲ್ವಡೋರ್ ಮಿನೂಚಿನ್ ಮತ್ತವರ ಸಹೋದ್ಯೋಗಿಗಳು ನೋಟವನ್ನು ಬದಲಿಸಿದರು. ತಪ್ಪು ಯಾರದು ಎಂದು ಕೇಳುವುದನ್ನು ಬಿಟ್ಟು, ಯಾರು ಮಾತಾಡಿದಾಗ ಯಾರು ಸುಮ್ಮನಾಗುತ್ತಾರೆ, ಗಂಡ ಹೆಂಡಿರ ಜಗಳದ ನಡುವೆ ಯಾವ ಮಗು ಸಿಕ್ಕಿಕೊಂಡಿದೆ ಎಂದು ಗಮನಿಸಿದರು. ಬೆಂಗಳೂರಿನ ನಿಮ್ಹಾನ್ಸ್ ಈ ವಿದ್ಯೆಯನ್ನು ತನ್ನದೇ ನೆಲದಲ್ಲಿ ಬೆಳೆಸಿತು. ಅಲ್ಲಿನ ಕುಟುಂಬ ಮನೋವೈದ್ಯಕೀಯ ವಾರ್ಡಿನ ಅನುಭವವನ್ನು ಆರ್.ಎಸ್. ಭಟ್ಟಿ, ಜಾನಕಿರಾಮಯ್ಯ ಮತ್ತು ಎಸ್.ಎಂ. ಚನ್ನಬಸವಣ್ಣ 1980ರಲ್ಲೇ 'ಫ್ಯಾಮಿಲಿ ಪ್ರೊಸೆಸ್' ಪತ್ರಿಕೆಯಲ್ಲಿ ದಾಖಲಿಸಿದರು. 1987ರಲ್ಲಿ ಪ್ರಕಟವಾದ ಚಂಡೀಗಢದ ಅಧ್ಯಯನವೊಂದು, ರೋಗಿಯನ್ನು ಟೀಕಿಸುವ, ಹಂಗಿಸುವ ಮಾತು ಲಂಡನ್ನಿನ ಮನೆಗಳಿಗಿಂತ ಚಂಡೀಗಢದ ಮನೆಗಳಲ್ಲಿ ಕಡಿಮೆ ಎಂದು ತೋರಿಸಿತು. ನಾವು ಇದನ್ನು ಕೂಡುಕುಟುಂಬದ ಹಿರಿಮೆಯೆಂದು ಎದೆ ತಟ್ಟಿಕೊಂಡಿದ್ದೇ ಹೆಚ್ಚು. ಸಹನೆ ಹೆಚ್ಚು ಎಂದಾಗ ಸಹಿಸುತ್ತಿರುವವರು ಯಾರು ಎಂದು ಕೇಳಲಿಲ್ಲ.

ದಾಂಪತ್ಯದ ವಿಷಯಕ್ಕೆ ಬಂದರೆ ಕಳೆದ ನಲವತ್ತು ವರ್ಷಗಳ ಫಸಲು ಚೆನ್ನಾಗಿದೆ. ಜಾನ್ ಗಾಟ್‌ಮನ್ ದಂಪತಿಗಳನ್ನು ಪ್ರಯೋಗಾಲಯದಲ್ಲಿ ಕೂರಿಸಿ, ಅವರ ಜಗಳಗಳನ್ನು ಚಿತ್ರೀಕರಿಸಿ ನೋಡಿದರು. ಸಿಟ್ಟಿಗಿಂತ ತಿರಸ್ಕಾರವೇ ಮದುವೆಗೆ ಹೆಚ್ಚು ಮಾರಕ ಎಂಬ ಅವರ ಮಾತು ನಿಂತಿದೆ. ವಿಚ್ಛೇದನವನ್ನು ಶೇ 90ಕ್ಕೂ ಮೀರಿ ಕರಾರುವಾಕ್ಕಾಗಿ ಊಹಿಸಬಲ್ಲೆವೆಂಬ ಹೇಳಿಕೆಯನ್ನು ಇತರ ಸಂಶೋಧಕರು ಪ್ರಶ್ನಿಸಿದ್ದಾರೆ. 2024ರಲ್ಲಿ ತೀರಿಕೊಂಡ ಸ್ಯೂ ಜಾನ್ಸನ್, ಜಗಳದ ಅಡಿಯಲ್ಲಿರುವ 'ನನ್ನ ಕಷ್ಟಕ್ಕೆ ನೀನಿದ್ದೀಯಾ' ಎಂಬ ಅಳುಕನ್ನು ಬಾಯಿಬಿಟ್ಟು ಹೇಳಿಸುವ ಚಿಕಿತ್ಸೆಯನ್ನು ಕಟ್ಟಿದರು. ಆಂಡ್ರೂ ಕ್ರಿಸ್ಟೆನ್‌ಸನ್ ಮತ್ತು ನೀಲ್ ಜೇಕಬ್‌ಸನ್ ಸಂಗಾತಿಯನ್ನು ಬದಲಿಸುವುದರಷ್ಟೇ ಒಪ್ಪಿಕೊಳ್ಳುವುದಕ್ಕೂ ಬೆಲೆ ಕೊಟ್ಟರು. ತೀವ್ರವಾಗಿ ಹದಗೆಟ್ಟ 134 ದಾಂಪತ್ಯಗಳ ಮೇಲೆ ನಡೆದ ಇವರ ಪರೀಕ್ಷೆಯಲ್ಲಿ ಐದು ವರ್ಷದ ಬಳಿಕ ಸುಮಾರು ಅರ್ಧದಷ್ಟು ಜೋಡಿಗಳು ಗಮನಾರ್ಹವಾಗಿ ಸುಧಾರಿಸಿದ್ದವು, ಸುಮಾರು ಕಾಲುಭಾಗ ಬೇರಾಗಿದ್ದವು. ಇದು ಪ್ರಾಮಾಣಿಕ ಲೆಕ್ಕ. ಚಿಕಿತ್ಸೆ ಎಂದರೆ ಎಲ್ಲರನ್ನೂ ಒಂದೇ ಸೂರಿನಡಿ ಉಳಿಸುವ ಕೆಲಸವಲ್ಲ ಎಂಬುದನ್ನೂ ಅದು ತಿಳಿಸುತ್ತದೆ.

ನಮ್ಮಲ್ಲಿ ಗೊಂದಲ ಇರುವುದು ಇಲ್ಲೇ. ದಂಪತಿ ಎದುರು ಕೂತರೆ ಊರ ಹಿರಿಯರಿಂದ ಠಾಣೆಯ ಪೇದೆಯವರೆಗೆ ಎಲ್ಲರೂ ಹೇಳುವುದು ಒಂದೇ: 'ಸ್ವಲ್ಪ ಹೊಂದಿಕೊಂಡು ಹೋಗಮ್ಮ.' ಹೊಂದಿಕೊಳ್ಳಬೇಕಾದವಳು ಯಾರು ಎಂಬುದು ಆ 'ಅಮ್ಮ'ದಲ್ಲೇ ತೀರ್ಮಾನವಾಗಿರುತ್ತದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯೂ ಮೊದಲು ರಾಜಿಗೆ ಯತ್ನಿಸಿ ಎನ್ನುತ್ತದೆ. ರಾಜಿ ತಪ್ಪಲ್ಲ. ಆದರೆ ರಾಜಿ ಪಂಚಾಯಿತಿಯನ್ನೇ ಆಪ್ತಸಮಾಲೋಚನೆ ಎಂದು ಕರೆಯುವುದು ತಪ್ಪು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 21ರ ಆಸುಪಾಸಿನಲ್ಲಿತ್ತು. ಇಷ್ಟು ಮಂದಿಯ ಬದುಕಿನಲ್ಲಿ ಹೊಡೆತವಿರುವಾಗ, ಇಬ್ಬರನ್ನೂ ಒಟ್ಟಿಗೆ ಕೂರಿಸಿ 'ಏನು ತೊಂದರೆ ಹೇಳಿ' ಎಂದರೆ ಹೆದರಿದವಳು ಏನು ಹೇಳಿಯಾಳು? ಹೇಳಿದರೆ ಆ ರಾತ್ರಿ ಮನೆಯಲ್ಲಿ ಅದಕ್ಕೆ ಲೆಕ್ಕ ಕೊಡಬೇಕು. ಮನೆಯೊಳಗಿನ ಅಧಿಕಾರವನ್ನು ಕುಟುಂಬ ಚಿಕಿತ್ಸೆ ಕಡೆಗಣಿಸಿದೆ ಎಂದು ರೇಚಲ್ ಹೇರ್-ಮಸ್ಟಿನ್ 1978ರಲ್ಲೇ ಎಚ್ಚರಿಸಿದ್ದರು. ಇಬ್ಬರನ್ನೂ ಮೊದಲು ಬೇರೆಬೇರೆಯಾಗಿ ಮಾತಾಡಿಸುವುದು, ಭಯವಿದ್ದರೆ ಜಂಟಿ ಭೇಟಿಯನ್ನು ಕೈಬಿಟ್ಟು ಸುರಕ್ಷತೆಯನ್ನು ನೋಡುವುದು ತರಬೇತಿ ಪಡೆದ ಚಿಕಿತ್ಸಕರಿಗೆ ಇಂದು ರೂಢಿ. ನಮ್ಮ ಜಿಲ್ಲಾ ಮಟ್ಟದ ಸಮಾಲೋಚಕರಿಗೆ ಈ ತರಬೇತಿ ಇನ್ನೂ ದೂರ.

2022ರಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ದಾಂಪತ್ಯ ಚಿಕಿತ್ಸೆ ಮಾತ್ರ ಇನ್ನೂ ಬೆಂಗಳೂರಿನ ಇಂಗ್ಲಿಷ್ ಬಲ್ಲವರ, ಗಂಟೆಗೆ ಸಾವಿರಗಟ್ಟಲೆ ಕೊಡಬಲ್ಲವರ ಸವಲತ್ತು. ನಿಮ್ಹಾನ್ಸ್‌ನ ಅನುಭವ ನಮ್ಮ ಮನೆಬಾಗಿಲಲ್ಲೇ ಇದೆ. ಕೌಟುಂಬಿಕ ನ್ಯಾಯಾಲಯಗಳ ಮತ್ತು ನೊಂದ ಮಹಿಳೆಯರಿಗಾಗಿ ಇರುವ ಸಾಂತ್ವನ ಕೇಂದ್ರಗಳ ಸಮಾಲೋಚಕರನ್ನು ಸರದಿಯಂತೆ ಅಲ್ಲಿಗೆ ಕಳಿಸಿ, ಮೊದಲ ಭೇಟಿ ಪ್ರತ್ಯೇಕವಾಗಿಯೇ ನಡೆಯಬೇಕೆಂಬ ನಿಯಮವನ್ನು ಸರ್ಕಾರ ಬರುವ ವರ್ಷವೇ ಜಾರಿಗೆ ತರಬೇಕು.