ಸ್ವಪೀಡನ ಕಾಮ: ನಾಚಿಕೆ ಬೇರೆ, ಕಾಯಿಲೆ ಬೇರೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳಲ್ಲಿ ಲೈಂಗಿಕ ತೊಂದರೆಯುಳ್ಳವರ ಕಣ್ಣಿಗೆ ಮೊದಲು ಬೀಳುವುದು ‘ಗುಪ್ತರೋಗ’ಕ್ಕೆ ಖಚಿತ ಪರಿಹಾರ ಸಾರುವ ಗೋಡೆಬರಹ, ತಾಲ್ಲೂಕು ಆಸ್ಪತ್ರೆಯ ನೆನಪಾಗುವುದು ಆಮೇಲೆ. ನೋವು ಇಲ್ಲವೆ ಅವಮಾನಕ್ಕೆ ಒಳಗಾಗುವುದರಲ್ಲಿ ಕಾಮಸುಖ ಕಾಣುವ ಪ್ರವೃತ್ತಿ, ಅಂದರೆ ಮ್ಯಾಸೋಕಿಸಂ, ಕಾಯಿಲೆಯೇ ಅಲ್ಲವೇ ಎಂದು ಕೇಳುವುದಕ್ಕಂತೂ ಬಾಯಿಯೇ ಬಾರದು.

ವೈದ್ಯಶಾಸ್ತ್ರದ ಉತ್ತರವೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಮನೋವೈದ್ಯ ಕ್ರಾಫ್ಟ್-ಎಬಿಂಗ್ 19ನೇ ಶತಮಾನದ ಕೊನೆಯಲ್ಲಿ ಆಸ್ಟ್ರಿಯಾದ ಲೇಖಕ ಸಾಖರ್-ಮಾಸೋಖ್‌ನ ಹೆಸರಿನಿಂದ ಈ ಪದವನ್ನು ರೂಪಿಸಿದಾಗ ಪ್ರವೃತ್ತಿಯೇ ವಿಕೃತಿಯೆನಿಸಿತ್ತು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ಡಿಎಸ್‌ಎಂ-5 ಇವೆರಡನ್ನೂ ಬೇರ್ಪಡಿಸಿತು. ಪ್ರವೃತ್ತಿ ಕನಿಷ್ಠ 6 ತಿಂಗಳು ತೀವ್ರವಾಗಿ ಮುಂದುವರಿದು, ವ್ಯಕ್ತಿಗೆ ಗಣನೀಯ ಯಾತನೆ ತಂದರೆ ಅಥವಾ ಸಂಸಾರ, ಉದ್ಯೋಗಗಳನ್ನು ಕೆಡಿಸಿದರೆ ಮಾತ್ರ ಅದು ಅಸ್ವಸ್ಥತೆ. 2022ರ ಜನವರಿ 1ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಈ ಪ್ರತ್ಯೇಕ ರೋಗನಾಮವನ್ನೇ ಕೈಬಿಟ್ಟಿದೆ. ಪರಸ್ಪರ ಸಮ್ಮತಿಯ ನಡವಳಿಕೆ ರೋಗವೆನಿಸಲು ಗಾಯ ಇಲ್ಲವೆ ಸಾವಿನ ಗಣನೀಯ ಅಪಾಯವಿರಬೇಕು, ಅಥವಾ ತೀವ್ರ ಯಾತನೆಯಿರಬೇಕು. ಆ ಯಾತನೆಯೂ ಇತರರ ತಿರಸ್ಕಾರದಿಂದ ಅಥವಾ ಅದರ ಭಯದಿಂದಷ್ಟೇ ಹುಟ್ಟಿದ್ದಾಗಿರಬಾರದು.

ಈ ಕೊನೆಯ ಷರತ್ತೇ ಸಣ್ಣ ಊರುಗಳಿಗೆ ಮುಖ್ಯ. ಎಲ್ಲರೂ ಎಲ್ಲರನ್ನೂ ಬಲ್ಲ ಕಡೆ ಯಾತನೆಯಲ್ಲಿ ನೆರೆಹೊರೆಯ ಭಯ ಬೆರೆತೇ ಇರುತ್ತದೆ. ಎರಡನ್ನೂ ಬಿಡಿಸಿ ನೋಡುವುದು ವೈದ್ಯರ ಮೊದಲ ಕೆಲಸ. ಸಮುದಾಯದ ನೈತಿಕ ಮೌಲ್ಯಗಳಿಗೆ ಒಗ್ಗದಿರುವುದು ಮನೋರೋಗವನ್ನು ನಿರ್ಧರಿಸುವ ಆಧಾರವಾಗದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ. (ನೋವೆಲ್ಲ ಕಾಮವೂ ಅಲ್ಲ. ಚಾಟಿಯಿಂದ ಮೈಗೆ ಬಾರಿಸಿಕೊಳ್ಳುವ ದುರಗಮುರಗಿಯವರದು ಸಂಪ್ರದಾಯ, ಹೊಟ್ಟೆಪಾಡು.)

ಹಾಗೆಂದು ಅಪಾಯವನ್ನು ಹಗುರವಾಗಿ ಕಾಣುವಂತಿಲ್ಲ. ಕಾಮೋದ್ರೇಕಕ್ಕಾಗಿ ಉಸಿರು ಕಟ್ಟಿಸಿಕೊಳ್ಳುವ ಚಾಳಿ ಏಕಾಂತದಲ್ಲಿ ಪ್ರಾಣವನ್ನೇ ತೆಗೆಯಬಲ್ಲದು. ಅಂಥ ಸಾವು ಆತ್ಮಹತ್ಯೆಯೆಂದು ದಾಖಲಾಗುವ ಸಂಭವವೂ ಉಂಟು. ಇಲ್ಲಿ ತಡಮಾಡದೆ ಮನೋವೈದ್ಯರನ್ನು ಕಾಣಬೇಕು. ಸಮ್ಮತಿಯಿಲ್ಲದ ಹಿಂಸೆಯಂತೂ ಈ ಚರ್ಚೆಗೆ ಸೇರುವುದೇ ಇಲ್ಲ, ಅದು ಅಪರಾಧ.

ಚಿಕಿತ್ಸೆಯೆಂದರೆ ಮುಖ್ಯವಾಗಿ ಆಪ್ತಸಮಾಲೋಚನೆ, ಜೊತೆಗೆ ಖಿನ್ನತೆಯಿದ್ದರೆ ಔಷಧ. ಮನೋವೈದ್ಯರನ್ನು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ತಲುಪಿಸಲೆಂದೇ ರಾಜ್ಯದಲ್ಲಿ 2014ರಲ್ಲಿ ಮನೋಚೈತನ್ಯ ಕಾರ್ಯಕ್ರಮ ಆರಂಭವಾಯಿತು. ಆದರೆ ಪರಿಚಿತರ ಸಾಲಿನಲ್ಲಿ ನಿಂತು ಇಂಥ ಮಾತು ಎತ್ತುವ ಧೈರ್ಯ ಎಷ್ಟು ಜನರಿಗಿದ್ದೀತು? ರೋಗಿಯ ಗೋಪ್ಯತೆಗೆ ಕಾಯ್ದೆಯ ರಕ್ಷಣೆಯಿದ್ದರೂ ಹೊರರೋಗಿ ವಿಭಾಗದ ಬಾಗಿಲಿಗೆ ಪರದೆಯಿರಬೇಕಲ್ಲ! ಅಂಥವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯಿದೆ. 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.