ಸೇವೆಗೆ ಹೊರಟ ಮಗಳು, ಸಮಾಜದ ಹೊಣೆ

ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡ ಮಗಳು ವೈದ್ಯಕೀಯ ಸೇವಾತಂಡದೊಡನೆ ದೂರದ ಊರಿಗೆ ಹೊರಟು ನಿಂತಾಗ ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. ಸಂಬಳವಿಲ್ಲದ ದುಡಿಮೆ ಏಕೆ ಎಂಬುದು ಒಂದು. ದನಿ ತಗ್ಗಿಸಿ ಆಡುವ ಇನ್ನೊಂದು, ದಾದಿಯಾದವಳಿಗೆ ಸಂಬಂಧ ಕೂಡಿಬರುವುದು ಕಷ್ಟವೆಂಬುದು.

ಔಷಧದಾನಕ್ಕೆ ದೇಣಿಗೆಯಿತ್ತು ಕಲ್ಲಿನಲ್ಲಿ ಹೆಸರು ಕೆತ್ತಿಸುವ ಸಮಾಜವು, ಆ ಔಷಧವನ್ನು ರೋಗಿಗೆ ಕುಡಿಸುವ ಕೈಯನ್ನು ಕೀಳಾಗಿ ಕಾಣುವುದು ವಿಪರ್ಯಾಸವಲ್ಲದೆ ಮತ್ತೇನು? ವೈಯಾವೃತ್ಯವನ್ನು ಅಂತರಂಗ ತಪಸ್ಸುಗಳಲ್ಲಿ ಎಣಿಸಿದ ಪರಂಪರೆ ಇದು. ರೋಗಿಯಾದ ಮುನಿಯ ವಾಂತಿಗೂ ಹೇಸದೆ ಉಪಚರಿಸಿದ ಉದ್ದಾಯನ ರಾಜನನ್ನು ನಿರ್ವಿಚಿಕಿತ್ಸಾ ಅಂಗಕ್ಕೆ ನಿದರ್ಶನವಾಗಿ ಕೊಂಡಾಡುವ ಮನೆಗಳಲ್ಲಿ, ಅದೇ ಕೆಲಸ ಮಾಡುವ ಮಗಳ ಬಗ್ಗೆ ಸಂಕೋಚವೇಕೆ?

ಆದರೆ ಉತ್ಸಾಹವೊಂದೇ ಅರ್ಹತೆಯಾಗದು. ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆಯು ದಾದಿಯರಿಂದ ಕನಿಷ್ಠ 2 ವರ್ಷಗಳ ವೃತ್ತಿ ಅನುಭವವನ್ನು ಅಪೇಕ್ಷಿಸುತ್ತದೆ. ಇದು ಹೊಸಬರಿಗೆ ಮಾಡಿದ ಅವಮಾನವಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಕರೆದರೆ ಓಡಿಬರುವ ಹಿರಿಯರಿರುತ್ತಾರೆ; ಶಿಬಿರದ ರಾತ್ರಿಯಲ್ಲಿ, ಶಸ್ತ್ರಚಿಕಿತ್ಸೆಯಾದ ರೋಗಿಯ ರಕ್ತದೊತ್ತಡ ಕುಸಿಯುತ್ತಿರುವುದನ್ನು ಒಬ್ಬಳೇ ಗುರುತಿಸಬೇಕಾದೀತು. ಆರ್ಟಿಕಲ್‌ಶಿಪ್ ಮುಗಿಸದವನ ಸಹಿಯನ್ನು ಲೆಕ್ಕಪತ್ರದ ಮೇಲೆ ಒಪ್ಪದವರು, ಜೀವದ ವಿಷಯದಲ್ಲಿ ಅದಕ್ಕಿಂತ ಸಡಿಲವಾದ ನಿಯಮವನ್ನು ಒಪ್ಪಬಹುದೇ?

1938ರಲ್ಲಿ ಭಾರತದ ಐವರು ವೈದ್ಯರ ತಂಡವು ಚೀನಾಕ್ಕೆ ತೆರಳಿತು. ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸರಿಗೆ ಆಗ 27ರ ಪ್ರಾಯ. ಆದರೆ ತಂಡದ ಮುಂದಾಳು ಡಾ. ಮದನ್ ಅಟಲ್ ಸ್ಪೇನಿನ ಅಂತರ್ಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದವರು. ಕಿರಿಯರ ತ್ಯಾಗಕ್ಕೆ ಹಿರಿಯರ ಅನುಭವದ ಆಸರೆಯಿತ್ತು. 1942ರಲ್ಲಿ ಅಲ್ಲಿಯೇ ತೀರಿಕೊಂಡ ಕೋಟ್ನಿಸರನ್ನು ನಾಡು ಮರೆತಿಲ್ಲ. ಅವರ ಪತ್ನಿ ಗುವೊ ಛಿಂಗ್‌ಲಾನ್ ದಾದಿಯಾಗಿದ್ದರೆಂಬುದು ಮಾತ್ರ ಎಷ್ಟು ಮಂದಿಗೆ ಗೊತ್ತು?

ಹೊಸದಾಗಿ ಪದವಿ ಪಡೆದವಳು ಹೊರಡುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಲಿ. ತನ್ನ ಮೇಲ್ವಿಚಾರಣೆಗೆ ಅನುಭವೀ ದಾದಿ ಇರುವರೇ? ಬೇರೆ ರಾಜ್ಯವಾದರೆ ಅಲ್ಲಿನ ನೋಂದಣಿಯ ವ್ಯವಸ್ಥೆ ಏನು? ವಿಮೆ ಉಂಟೇ? ಶಿಬಿರ ಎತ್ತಿದ ಮೇಲೆ ಗಾಯ ಕೀವಾದರೆ ರೋಗಿ ಯಾರ ಬಾಗಿಲು ತಟ್ಟಬೇಕು? ಉತ್ತರ ದೊರೆತರೆ, ರೋಗಿಗಳ ತಪಾಸಣೆ, ದಾಖಲೆ, ಕಣ್ಣಿಗೆ ಹನಿ ಹಾಕುವ ಕ್ರಮವನ್ನು ಮನೆಯವರಿಗೆ ಕಲಿಸುವುದು ಮುಂತಾದವುಗಳಿಂದ ಆರಂಭಿಸಲು ಅಡ್ಡಿಯಿಲ್ಲ.

ಟ್ರಸ್ಟುಗಳ ವಾರ್ಷಿಕ ವರದಿಗಳಲ್ಲಿ ತಪಾಸಣೆಗೊಂಡವರ ಸಂಖ್ಯೆಯಿರುತ್ತದೆ, ಛಾಯಾಚಿತ್ರಗಳಿರುತ್ತವೆ. ಆ ರೋಗಿಗಳು ಮುಂದೇನಾದರೆಂಬ ಸಾಲು ಇರುವುದು ವಿರಳ. ಪುಸ್ತಕಕ್ಕೆ ಏರಿಸದ ಮಾತ್ರಕ್ಕೆ ಹೊಣೆ ಅಳಿಯುವುದಿಲ್ಲ. ಕಿರಿಯ ದಾದಿಗೆ ಪ್ರಯಾಣವೆಚ್ಚ, ವಿಮೆ, ಅಲ್ಪ ಗೌರವಧನ, ಜೊತೆಗೊಬ್ಬ ಹಿರಿಯ ಮಾರ್ಗದರ್ಶಿ: ಇಷ್ಟನ್ನು ಒದಗಿಸಲಾರದ ಶಿಬಿರ ಆಕೆಯ ಸೇವೆಯನ್ನು ಬೇಡುವ ಹಕ್ಕನ್ನು ಪಡೆದಿಲ್ಲ. ಇಷ್ಟನ್ನು ಒದಗಿಸಿದ ಮೇಲೂ ಮಗಳನ್ನು ತಡೆಯುವ ಮನೆ, ದಾನದ ಕಲ್ಲಿನ ಮೇಲಿನ ತನ್ನ ಹೆಸರನ್ನೊಮ್ಮೆ ಓದಿಕೊಳ್ಳಲಿ.